ಚಾರಣಿಗರ ಕೈಯ ಜಿಪಿಎಸ್: ಅದರ ಇತಿಹಾಸ ಮತ್ತು ಆಯ್ಕೆ

ಚಾರಣದ ಹವ್ಯಾಸವುಳ್ಳ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ. ಕೈಯಲ್ಲಿ ಹಿಡಿದುಕೊಂಡು ಹೋಗುವಂಥ ಜಿಪಿಎಸ್ ಉಪಕರಣವೊಂದನ್ನು ಕೊಳ್ಳಬೇಕೆಂದಿದ್ದೇವೆ, ಯಾವುದನ್ನು ಕೊಳ್ಳುವುದು, ಅಥವಾ ಮೊಬೈಲ್ ಫೋನೇ ಸಾಕೆ ಎಂಬುದು ಆ ಪ್ರಶ್ನೆ. ಸಮಾಜ ವಿಜ್ಞಾನದ ಮೇಷ್ಟರನ್ನು ಯಂತ್ರದ ವಿಚಾರ ಕೇಳಿದರೆ ಅವರು ಇತಿಹಾಸದಿಂದಲೇ ಆರಂಭಿಸುತ್ತಾರೆ. ಅದು ವೃತ್ತಿಯ ಗುಣ. ಆದರೆ ಈ ವಿಷಯದಲ್ಲಿ ಅದೇ ಸರಿಯಾದ ದಾರಿಯೆಂದು ನನ್ನ ನಂಬಿಕೆ. ಉಪಕರಣದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಒಂದೊಂದು ಗುಣವಿಶೇಷವೂ ಹಿಂದೆ ಯಾರಿಗೋ ಎದುರಾದ ಒಂದು ತೊಡಕಿಗೆ ದೊರೆತ ಉತ್ತರ. ಆ ತೊಡಕು ನಮ್ಮದೂ ಹೌದೋ ಅಲ್ಲವೋ ಎಂಬುದನ್ನು ಅರಿತರೆ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಅರಿಯದೆ ಕೊಂಡರೆ ಹಣವೂ ವ್ಯರ್ಥ, ಕಾಡಿನಲ್ಲಿ ಜೀವಕ್ಕೂ ಅಪಾಯ.

ಸ್ಪುಟ್ನಿಕ್ಕಿನ ಕೂಗಿನಿಂದ ಹುಟ್ಟಿದ ವಿದ್ಯೆ

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿದ್ದ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬ ತರುಣ ವಿಜ್ಞಾನಿಗಳು ಅದರ ರೇಡಿಯೋ ಕೂಗನ್ನು ಆಲಿಸಿದರು. ನಮ್ಮತ್ತ ಬರುವ ರೈಲಿನ ಶಿಳ್ಳೆ ಏರುದನಿಯಲ್ಲಿಯೂ ದೂರ ಸರಿಯುವ ರೈಲಿನ ಶಿಳ್ಳೆ ಇಳಿದನಿಯಲ್ಲಿಯೂ ಕೇಳುವುದನ್ನು ಭೌತಶಾಸ್ತ್ರದ ತರಗತಿಯಲ್ಲಿ ಡಾಪ್ಲರ್ ಪರಿಣಾಮವೆಂದು ಓದಿದ್ದೀರಿ. ಅದೇ ಏರಿಳಿತವನ್ನು ಅಳೆದು ಅವರಿಬ್ಬರೂ ಉಪಗ್ರಹದ ಕಕ್ಷೆಯನ್ನು ಲೆಕ್ಕಹಾಕಿದರು. ಮರುವರ್ಷ ಅದೇ ಸಂಸ್ಥೆಯ ಫ್ರಾಂಕ್ ಮೆಕ್ಲೂರ್ ಆ ಲೆಕ್ಕವನ್ನು ತಿರುಗಿಸಿ ನೋಡಿದರು: ನೆಲದ ಮೇಲೆ ನಾವಿರುವ ಜಾಗ ಗೊತ್ತಿದ್ದು ಉಪಗ್ರಹವನ್ನು ಹುಡುಕಬಹುದಾದರೆ, ಉಪಗ್ರಹದ ಕಕ್ಷೆ ಗೊತ್ತಿದ್ದು ನಮ್ಮ ಜಾಗವನ್ನೇ ಏಕೆ ಹುಡುಕಬಾರದು?

ಈ ಆಲೋಚನೆಯಿಂದ ಟ್ರಾನ್ಸಿಟ್ ಎಂಬ ವ್ಯವಸ್ಥೆ ಹುಟ್ಟಿತು. 1964ರಲ್ಲಿ ಕಾರ್ಯಾರಂಭ ಮಾಡಿದ ಅದರ ಮುಖ್ಯ ಉದ್ದೇಶ ಅಮೆರಿಕದ ಪೊಲಾರಿಸ್ ಕ್ಷಿಪಣಿಗಳನ್ನು ಹೊತ್ತ ಜಲಾಂತರ್ಗಾಮಿಗಳಿಗೆ ಅವುಗಳ ಸ್ಥಾನವನ್ನು ತಿಳಿಸುವುದು. ಉಪಗ್ರಹವೊಂದು ನೆತ್ತಿಯ ಮೇಲಿನ ಆಕಾಶವನ್ನು ಹಾದುಹೋಗುವವರೆಗೆ ಕಾಯಬೇಕಾಗಿತ್ತು. ನಿಧಾನವಾಗಿ ಚಲಿಸುವ ನೌಕೆಗೆ ಅದು ಸಾಕಾಗುತ್ತಿತ್ತು, ವಿಮಾನಕ್ಕೆ ಸಾಲದು. ಆ ಕೊರತೆಯನ್ನು ನೀಗಲು ನೌಕಾಪಡೆ ಮತ್ತು ವಾಯುಪಡೆಗಳು ಬೇರೆಬೇರೆಯಾಗಿ ನಡೆಸಿದ ಪ್ರಯತ್ನಗಳನ್ನು 1973ರಲ್ಲಿ ಬ್ರ್ಯಾಡ್‌ಫರ್ಡ್ ಪಾರ್ಕಿನ್‌ಸನ್ ಅವರ ನೇತೃತ್ವದಲ್ಲಿ ಒಂದುಗೂಡಿಸಲಾಯಿತು. ಅದೇ ಜಿಪಿಎಸ್. 1978ರ ಫೆಬ್ರವರಿಯಲ್ಲಿ ಮೊದಲ ಉಪಗ್ರಹವು ಹಾರಿತು. 1995ರಲ್ಲಿ 24 ಉಪಗ್ರಹಗಳ ವ್ಯವಸ್ಥೆಯು ಪೂರ್ಣಗೊಂಡಿತೆಂದು ಘೋಷಿಸಲಾಯಿತು.

ಜಿಪಿಎಸ್ ಎಂಬುದು ಮೂಲತಃ ಗಡಿಯಾರಗಳ ವ್ಯವಸ್ಥೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿಯೊಂದು ಉಪಗ್ರಹದಲ್ಲಿಯೂ ಪರಮಾಣು ಗಡಿಯಾರಗಳಿವೆ. ಉಪಗ್ರಹವು ತನ್ನ ಸಮಯವನ್ನೂ ತಾನಿರುವ ಸ್ಥಾನವನ್ನೂ ಸಾರುತ್ತಿರುತ್ತದೆ. ನಮ್ಮ ಕೈಯ ಉಪಕರಣವು ಆ ಸಂಕೇತ ಎಷ್ಟು ತಡವಾಗಿ ಬಂದಿತೆಂಬುದನ್ನು ನೋಡಿ ದೂರವನ್ನು ಲೆಕ್ಕಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ತಪ್ಪಾದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಉಪಗ್ರಹದ ಗಡಿಯಾರವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆಂಬುದು ಐನ್‌ಸ್ಟೈನರ ಸಿದ್ಧಾಂತದಿಂದ ತಿಳಿದಿದ್ದು, ಅದನ್ನು ಮೊದಲೇ ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚಿನ ತಪ್ಪು ಕೂಡಿಕೊಳ್ಳುತ್ತಿತ್ತು. ಅಗಲ, ಉದ್ದ, ಎತ್ತರ ಎಂಬ ಮೂರು ಅಜ್ಞಾತಗಳ ಜೊತೆಗೆ ನಮ್ಮ ಅಗ್ಗದ ಗಡಿಯಾರದ ತಪ್ಪೂ ಒಂದು ಅಜ್ಞಾತವಾದುದರಿಂದ ನಾಲ್ಕು ಉಪಗ್ರಹಗಳು ಕಾಣಲೇಬೇಕು. ಕಣಿವೆಯ ಆಳದಲ್ಲಿ ಉಪಕರಣವು ತಡವರಿಸುವುದು ಇದೇ ಕಾರಣದಿಂದ.

ಸೈನ್ಯದ ಸ್ವತ್ತು ಜನರ ಕೈಗೆ ಬಂದ ಬಗೆ

1983ರ ಸೆಪ್ಟೆಂಬರ್ 1ರಂದು ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶವನ್ನು ಪ್ರವೇಶಿಸಿತು. ಸೋವಿಯತ್ ಯುದ್ಧವಿಮಾನವು ಅದನ್ನು ಹೊಡೆದುರುಳಿಸಿತು. ಅದರಲ್ಲಿದ್ದ 269 ಜನರೂ ಮಡಿದರು. ಇದಾದ ಮೇಲೆ ಅಮೆರಿಕದ ಅಧ್ಯಕ್ಷ ರೇಗನ್ ಅವರು ಜಿಪಿಎಸ್ ಸಿದ್ಧವಾದಾಗ ಅದನ್ನು ಜಗತ್ತಿನ ನಾಗರಿಕ ಬಳಕೆಗೂ ಉಚಿತವಾಗಿ ಒದಗಿಸುವುದಾಗಿ ಪ್ರಕಟಿಸಿದರು. ಇಂದು ನಾವು ಒಂದು ಪೈಸೆಯನ್ನೂ ಕೊಡದೆ ಪಡೆಯುತ್ತಿರುವ ಈ ಸೇವೆಯ ಹಿಂದೆ ಆ ದುರಂತದ ನೆರಳಿದೆ.

ಆದರೆ ಕೊಟ್ಟದ್ದು ಪೂರ್ಣವಾಗಿ ಕೊಟ್ಟದ್ದಾಗಿರಲಿಲ್ಲ. ನಾಗರಿಕರ ಸಂಕೇತಕ್ಕೆ ಉದ್ದೇಶಪೂರ್ವಕವಾಗಿ ತಪ್ಪನ್ನು ಬೆರೆಸಿ, ಸ್ಥಾನವು ಸುಮಾರು 100 ಮೀಟರಿನಷ್ಟು ಆಚೀಚೆಯಾಗುವಂತೆ ಮಾಡಲಾಗಿತ್ತು. ಸಮುದ್ರದಲ್ಲಿ 100 ಮೀಟರ್ ದೊಡ್ಡದಲ್ಲ. ಘಟ್ಟದಲ್ಲಿ ಅದು ಕೊರಕಲಿನ ಈ ದಂಡೆಗೂ ಆ ದಂಡೆಗೂ ಇರುವ ಅಂತರ. 1991ರ ಕೊಲ್ಲಿ ಯುದ್ಧದಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಗುರುತುಗಳೇ ಇಲ್ಲದ ಮರುಭೂಮಿಯಲ್ಲಿ ಅಮೆರಿಕದ ಸೈನಿಕರಿಗೆ ಸೈನ್ಯದ ಉಪಕರಣಗಳು ಸಾಲದೆ ಬಂದವು. ನಾಗರಿಕ ಮಾದರಿಗಳನ್ನು ಕೊಂಡು ಹಂಚಲಾಯಿತು. ಅನೇಕ ಸೈನಿಕರ ಮನೆಯವರೂ ಅವನ್ನು ಕೊಂಡು ಕಳುಹಿಸಿದರು. ಆಗ ತಮ್ಮವರಿಗಾಗಿ ತಾವೇ ಆ ಕೃತಕ ತಪ್ಪನ್ನು ತಾತ್ಕಾಲಿಕವಾಗಿ ತೆಗೆಯಬೇಕಾಯಿತು. ಯುದ್ಧದ ನಂತರ ಅದು ಮತ್ತೆ ಜಾರಿಗೆ ಬಂತು.

2000ದ ಮೇ ತಿಂಗಳ ಮೊದಲ ದಿನದ ನಡುರಾತ್ರಿ ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ ಆ ಕೃತಕ ತಪ್ಪನ್ನು ಕೊನೆಗೊಳಿಸಲಾಯಿತು. ಜನರ ಕೈಯಲ್ಲಿ ಆಗಲೇ ಇದ್ದ ಉಪಕರಣಗಳೆಲ್ಲವೂ ಯಾವ ರಿಪೇರಿಯೂ ಇಲ್ಲದೆ ಒಂದೇ ರಾತ್ರಿಯಲ್ಲಿ ಹಲವು ಪಟ್ಟು ನಿಖರವಾದವು. ಮೇ 3ರಂದು ಆರೆಗನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬುವರು ಕೆಲವು ವಸ್ತುಗಳನ್ನು ತುಂಬಿದ ಬಕೆಟ್ಟೊಂದನ್ನು ಕಾಡಿನಲ್ಲಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ಹುಡುಕಿರಿ ಎಂದು ಜನರನ್ನು ಆಹ್ವಾನಿಸಿದರು. ಜಿಯೋಕ್ಯಾಚಿಂಗ್ ಎಂಬ ಆಟವು ಹೀಗೆ ಹುಟ್ಟಿತು. ನಿಧಿ ಹುಡುಕುವ ಮಕ್ಕಳಾಟವು ಶೀತಲ ಸಮರದ ಆಯುಧದೊಂದಿಗೆ ಸೇರಿಕೊಂಡದ್ದು ಇತಿಹಾಸದ ಸೊಗಸುಗಳಲ್ಲಿ ಒಂದು.

ಅಂಗೈಯೊಳಗಿನ ಉಪಕರಣ

ಮಾರುಕಟ್ಟೆಗೆ ಬಂದ ಮೊದಲ ಕೈ ಜಿಪಿಎಸ್ 1989ರ ಮೆಗೆಲನ್ ನ್ಯಾವ್ 1000. ಅದರ ಬೆಲೆ ಸುಮಾರು 3000 ಡಾಲರ್; ನಕ್ಷೆಯಿಲ್ಲ, ಅಂಕಿಗಳು ಮಾತ್ರ. ಅದೇ ವರ್ಷ ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಗ್ಯಾರಿ ಬರೆಲ್ ಮತ್ತು ಮಿನ್ ಕಾವ್ ಎಂಬ ಎಂಜಿನಿಯರುಗಳು ಕಂಪನಿಯೊಂದನ್ನು ಆರಂಭಿಸಿದರು. ಇಬ್ಬರ ಹೆಸರುಗಳ ಮೊದಲ ಅಕ್ಷರಗಳು ಕೂಡಿ ಅದು ಗಾರ್ಮಿನ್ ಎನಿಸಿತು. 2000ದಲ್ಲಿ ಬಂದ ಅದರ ಹಳದಿ ಬಣ್ಣದ ಇಟ್ರೆಕ್ಸ್ ಚಾರಣಿಗರ ಕೈಗೆ ಜಿಪಿಎಸ್ಸನ್ನು ತಂದ ಉಪಕರಣಗಳಲ್ಲಿ ಪ್ರಮುಖವಾದುದು.

ಆರಂಭದ ಉಪಕರಣಗಳು ಒಂದೆರಡು ಉಪಗ್ರಹಗಳನ್ನಷ್ಟೇ ಏಕಕಾಲಕ್ಕೆ ಆಲಿಸಿ, ಸರದಿಯಂತೆ ಉಳಿದವುಗಳ ಕಡೆಗೆ ತಿರುಗುತ್ತಿದ್ದವು. ಮರದ ನೆರಳಿಗೆ ಬಂದರೆ ಲೆಕ್ಕವೇ ತಪ್ಪುತ್ತಿತ್ತು. 1990ರ ದಶಕದಲ್ಲಿ 12 ಉಪಗ್ರಹಗಳನ್ನು ಒಟ್ಟಿಗೆ ಆಲಿಸುವ ಉಪಕರಣಗಳು ಬಂದವು. ಆದರೂ ದಟ್ಟ ಕಾಡು ಕಷ್ಟವಾಗಿಯೇ ಉಳಿಯಿತು. 2004ರ ಸರ್ಫ್‌ಸ್ಟಾರ್ 3 ಎಂಬ ಚಿಪ್ಪು ಅತಿ ಕ್ಷೀಣ ಸಂಕೇತಗಳನ್ನೂ ಹಿಡಿಯಬಲ್ಲುದಾಗಿತ್ತು. 2006ರಲ್ಲಿ ಅದನ್ನು ಅಳವಡಿಸಿಕೊಂಡು ಬಂದ ಗಾರ್ಮಿನ್ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್ ಮರಗಳಡಿಯಲ್ಲಿಯೂ ಕೆಲಸ ಮಾಡುತ್ತದೆಂಬ ಹೆಸರು ಗಳಿಸಿತು. ಯಾರಾದರೂ ಅದಕ್ಕಿಂತ ಹಳೆಯ ಉಪಕರಣವನ್ನು ಅಗ್ಗದಲ್ಲಿ ಮಾರಲು ಬಂದರೆ ನಮ್ಮ ಘಟ್ಟದ ಚಾರಣಕ್ಕೆ ಅದನ್ನು ಕೊಳ್ಳಬೇಡಿರಿ ಎಂಬುದು ನನ್ನ ಮೊದಲ ಸಲಹೆ.

ಎಷ್ಟು ದೇಶಗಳ ಉಪಗ್ರಹಗಳು?

ಇನ್ನೊಬ್ಬರ ಕೈಯಲ್ಲಿರುವ ದೀಪವನ್ನು ನಂಬಿ ನಡೆಯುವುದು ಯಾವ ದೊಡ್ಡ ದೇಶಕ್ಕೂ ಒಪ್ಪಿಗೆಯಾಗಲಿಲ್ಲ. ಸೋವಿಯತ್ ಒಕ್ಕೂಟವು 1982ರಲ್ಲಿ ಗ್ಲೋನಾಸ್ ಸರಣಿಯ ಮೊದಲ ಉಪಗ್ರಹಗಳನ್ನು ಹಾರಿಸಿತು. ಒಕ್ಕೂಟವು ಒಡೆದ ಮೇಲೆ ಕ್ಷೀಣಿಸಿದ ಆ ವ್ಯವಸ್ಥೆಯನ್ನು ರಷ್ಯವು 2011ರ ವೇಳೆಗೆ ಮತ್ತೆ ಪೂರ್ಣಗೊಳಿಸಿತು. ಯೂರೋಪಿನ ಗೆಲಿಲಿಯೋ 2016ರಲ್ಲಿ ಸೇವೆ ಆರಂಭಿಸಿತು. ಚೀನದ ಬೈಡೌ 2020ರಲ್ಲಿ ವಿಶ್ವವ್ಯಾಪಿಯಾಯಿತು. ಇವೆಲ್ಲವನ್ನೂ ಆಲಿಸುವ ಉಪಕರಣಕ್ಕೆ ಆಕಾಶದ ಚಿಕ್ಕ ತುಣುಕೊಂದರಲ್ಲಿಯೂ ನಾಲ್ಕಾರು ಉಪಗ್ರಹಗಳು ಸಿಕ್ಕುತ್ತವೆ. ಕಣಿವೆಗಳಲ್ಲಿ ಇದರ ಲಾಭ ದೊಡ್ಡದು.

ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹವು 2013ರ ಜುಲೈ 1ರಂದು ಹಾರಿತು. ಏಳನೆಯದು 2016ರ ಏಪ್ರಿಲ್‌ನಲ್ಲಿ. ಇದರ ಸಂಚಾರ ಕೇಂದ್ರವಿರುವುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ. ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವು ಹಾಸನದಲ್ಲಿದೆ. ನಮ್ಮ ಹೆಮ್ಮೆಗೆ ಕಾರಣವಾದ ಈ ವ್ಯವಸ್ಥೆಯನ್ನು ಗಡಿಯಾರಗಳೇ ಕಾಡಿದವು. ವಿದೇಶದಿಂದ ತರಿಸಿದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. ಮೊದಲ ಉಪಗ್ರಹದ ಮೂರೂ ಗಡಿಯಾರಗಳು ಕೆಟ್ಟವು. ಆಗ ನಮ್ಮ ವಿಜ್ಞಾನಿಗಳು ತಾವೇ ರುಬಿಡಿಯಂ ಗಡಿಯಾರವನ್ನು ನಿರ್ಮಿಸಿ 2023ರ ಮೇ 29ರಂದು ಹಾರಿದ ಎನ್‌ವಿಎಸ್ 01 ಉಪಗ್ರಹದಲ್ಲಿರಿಸಿದರು. 2025ರ ಜನವರಿಯಲ್ಲಿ ಹಾರಿದ ಮುಂದಿನ ಉಪಗ್ರಹವು ಉದ್ದೇಶಿತ ಕಕ್ಷೆಯನ್ನು ಸೇರಲಿಲ್ಲ. ಆದುದರಿಂದ ನಾವಿಕ್ ಇರುವ ಉಪಕರಣವು ಸಿಕ್ಕಿದರೆ ಸಂತೋಷಪಡಿ, ಆದರೆ ಅದೊಂದನ್ನೇ ನೋಡಿ ಕೊಳ್ಳಬೇಡಿರಿ. ದೇಶಾಭಿಮಾನ ಬೇರೆ, ಕಾಡಿನ ದಾರಿ ಬೇರೆ.

ಇನ್ನು ಎರಡು ಆವರ್ತನಗಳ ವಿಚಾರ. ಸಂಕೇತವು ಮೇಲಿನ ಅಯಾನುಗೋಳವನ್ನು ದಾಟುವಾಗ ತುಸು ತಡವಾಗುತ್ತದೆ. ಆ ತಡವು ಆವರ್ತನಕ್ಕೆ ತಕ್ಕಂತೆ ಬದಲಾಗುವುದರಿಂದ, ಎರಡು ಆವರ್ತನಗಳನ್ನು ಆಲಿಸುವ ಉಪಕರಣವು ಅದನ್ನು ಲೆಕ್ಕದಿಂದ ಕಳೆದುಹಾಕಬಲ್ಲುದು. ಬಂಡೆಗಳಿಗೆ ಬಡಿದು ಮರಳುವ ಸಂಕೇತಗಳ ಗೊಂದಲವೂ ಹೊಸ ಆವರ್ತನದಲ್ಲಿ ಕಡಿಮೆ. ದಕ್ಷಿಣ ಭಾರತದವರಿಗೆ ಇದರಿಂದ ವಿಶೇಷ ಪ್ರಯೋಜನವಿದೆ. ಭೂಮಿಯ ಕಾಂತೀಯ ಸಮಭಾಜಕವು ನಮ್ಮ ದೇಶದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ಕೇರಳದ ತುಂಬಾದಲ್ಲಿ ರಾಕೆಟ್ ಕೇಂದ್ರವನ್ನು ಸ್ಥಾಪಿಸಲು ಅದೇ ಕಾರಣ. ಈ ಭಾಗದಲ್ಲಿ ಅಯಾನುಗೋಳವು ಹೆಚ್ಚು ಚಂಚಲ. ಫೋನುಗಳಲ್ಲಿ 2018ರಿಂದ, ಗಾರ್ಮಿನ್ನಿನ ಚಾರಣದ ಉಪಕರಣಗಳಲ್ಲಿ 2020ರಿಂದ ಈ ಸೌಲಭ್ಯ ಬಂದಿದೆ. ಹೆಚ್ಚು ಹಣ ಕೊಡಲು ಸಾಧ್ಯವಿದ್ದರೆ ಅದನ್ನು ಇದಕ್ಕಾಗಿ ಕೊಡಿ.

ಲ್ಯಾಂಬ್ಟನ್ನನ ಸರಪಳಿ ಮತ್ತು ನಮ್ಮ ನಕ್ಷೆ

ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದನು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮತ್ತೊಂದು ರೇಖೆಯನ್ನಳೆದು ಭಾರತದ ಮಹಾ ತ್ರಿಕೋನಮಿತೀಯ ಸರ್ವೆಯನ್ನು ಆರಂಭಿಸಿದನು. ಅರ್ಧ ಟನ್ ತೂಗುವ ಥಿಯೋಡೊಲೈಟನ್ನು ಬೆಟ್ಟದ ನೆತ್ತಿಗೆ, ಗೋಪುರದ ತುದಿಗೆ ಏರಿಸಿ ಕೋನಗಳನ್ನು ಅಳೆಯುತ್ತಿದ್ದ ಕಾಲವದು. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಆ ಅಳತೆಗಳಿಂದ ಭೂಮಿಯ ಆಕಾರವನ್ನು 1830ರಲ್ಲಿ ಲೆಕ್ಕಹಾಕಿದನು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಟೋಪೋ ನಕ್ಷೆಗಳೆಲ್ಲವೂ ಎವರೆಸ್ಟನ ಆ ಭೂಮಿಯ ಮೇಲೆ ನಿಂತಿವೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆಯೇ ಮಾದರಿಯನ್ನು.

ಇದರಿಂದೇನು ಎನ್ನುವಿರೋ? ಉಪಕರಣವು ತೋರಿಸುವ ಅಕ್ಷಾಂಶ ರೇಖಾಂಶಗಳನ್ನು ಹಳೆಯ ಟೋಪೋ ನಕ್ಷೆಯ ಮೇಲೆ ನೇರವಾಗಿ ಗುರುತಿಸಿದರೆ, ಆ ಚುಕ್ಕೆಯು ನೀವಿರುವ ಜಾಗದಿಂದ ನೂರು ಮೀಟರಿಗೂ ಹೆಚ್ಚು ಆಚೆಗೆ ಬೀಳುತ್ತದೆ. ಉಪಕರಣವೂ ಸರಿ, ನಕ್ಷೆಯೂ ಸರಿ. ಆದರೂ ಇಬ್ಬರ ಮಾತು ಕೂಡುವುದಿಲ್ಲ. ಉಪಕರಣದ ಸೆಟ್ಟಿಂಗಿನಲ್ಲಿ ಡೇಟಮ್ ಎಂಬ ಪಟ್ಟಿಯಿರುವುದು ಇದಕ್ಕಾಗಿ. ಡೇಟಮ್ ಬದಲಿಸಲು ಬರುವ ಉಪಕರಣವನ್ನೇ ಕೊಳ್ಳಬೇಕು. 2005ರ ರಾಷ್ಟ್ರೀಯ ನಕ್ಷಾ ನೀತಿಯ ಬಳಿಕ ಸಾರ್ವಜನಿಕರಿಗಾಗಿ ಪ್ರಕಟವಾದ ಮುಕ್ತ ಸರಣಿಯ ನಕ್ಷೆಗಳು ಡಬ್ಲ್ಯುಜಿಎಸ್ 84ರಲ್ಲಿಯೇ ಇವೆ. ನಿಮ್ಮ ಕೈಯಲ್ಲಿರುವ ನಕ್ಷೆ ಯಾವುದೆಂಬುದನ್ನು ಅದರ ಅಂಚಿನ ಬರಹದಲ್ಲಿ ಓದಿಕೊಳ್ಳಿರಿ.

ನಕ್ಷೆಯ ವಿಚಾರದಲ್ಲಿ ಇನ್ನೊಂದು ಮಾತು. ಹೊರದೇಶದಲ್ಲಿ ಕೊಂಡ ಉಪಕರಣದಲ್ಲಿ ಆ ದೇಶದ ನಕ್ಷೆಯಷ್ಟೇ ತುಂಬಿರಬಹುದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಸಿದ್ಧಪಡಿಸಿದ ಉಚಿತ ನಕ್ಷೆಗಳು ದೊರೆಯುತ್ತವೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯು ರೇಡಾರಿನಿಂದ ಅಳೆದ ಎತ್ತರಗಳನ್ನು ಬಳಸಿ ಅವುಗಳಲ್ಲಿ ಸಮೋನ್ನತ ರೇಖೆಗಳನ್ನೂ ಎಳೆದಿರುತ್ತಾರೆ. ಇಂಥ ನಕ್ಷೆಗಳನ್ನು ತುಂಬಿಕೊಳ್ಳಲು ಅವಕಾಶವಿಲ್ಲದ ಅಗ್ಗದ ಮಾದರಿಯು ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ.

ಎತ್ತರ, ದಿಕ್ಕು ಮತ್ತು ಬ್ಯಾಟರಿ

ಸಮುದ್ರಮಟ್ಟವು ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಗುರುತ್ವದ ಏರುಪೇರಿನಿಂದ ಅದು ಉಬ್ಬುತಗ್ಗಾಗಿದೆ. ಅಮೆರಿಕದ ನೌಕಾಪಡೆಯ ಡಾಲ್‌ಗ್ರೆನ್ ಕೇಂದ್ರದಲ್ಲಿ ಗ್ಲಾಡಿಸ್ ವೆಸ್ಟ್ ಎಂಬ ಕಪ್ಪು ಜನಾಂಗದ ಗಣಿತಜ್ಞೆ ಉಪಗ್ರಹಗಳ ಅಳತೆಗಳಿಂದ ಈ ಆಕಾರವನ್ನು ಲೆಕ್ಕಹಾಕುವ ಕೆಲಸದಲ್ಲಿ ದಶಕಗಳ ಕಾಲ ದುಡಿದರು. ಈ ತಗ್ಗುಗಳಲ್ಲಿ ಅತ್ಯಂತ ಆಳವಾದುದು ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದೆ. ಬೆಂಗಳೂರಿನ ಆಸುಪಾಸಿನಲ್ಲಿಯೂ ನಿಜವಾದ ಸಮುದ್ರಮಟ್ಟದ ಮೇಲ್ಮೈಯು ಗಣಿತದ ನುಣುಪು ಮೇಲ್ಮೈಗಿಂತ 80 ಮೀಟರಿಗೂ ಹೆಚ್ಚು ಕೆಳಗಿದೆ. ಉಪಕರಣವು ಈ ತಿದ್ದುಪಡಿಯನ್ನು ಮಾಡಿಯೇ ಎತ್ತರವನ್ನು ತೋರಿಸುತ್ತದೆ. ಆದರೂ ಜಿಪಿಎಸ್‌ನ ಎತ್ತರವು ಅದರ ಅಕ್ಷಾಂಶ ರೇಖಾಂಶಗಳಷ್ಟು ನಿಖರವಲ್ಲ. ಹತ್ತಿಳಿಯುವವರಿಗೆ ವಾಯುಭಾರಮಾಪಕವಿರುವ ಮಾದರಿ ಉತ್ತಮ. ಒಂದೆಡೆ ತಂಗಿದ್ದಾಗ ಎತ್ತರವು ತಾನೇ ಏರಿದಂತೆ ತೋರಿದರೆ ವಾಯುಭಾರ ಇಳಿಯುತ್ತಿದೆ, ಮಳೆಗಾಳಿ ಬರಬಹುದೆಂಬ ಸೂಚನೆಯೂ ಅದರಿಂದ ಸಿಕ್ಕುತ್ತದೆ.

ದಿಕ್ಸೂಚಿಯ ಸೌಲಭ್ಯವಿಲ್ಲದ ಉಪಕರಣವು ನಾವು ನಡೆಯುತ್ತಿರುವಾಗ ಮಾತ್ರ ದಿಕ್ಕನ್ನು ತೋರಿಸಬಲ್ಲುದು. ನಿಂತೊಡನೆ ಅದಕ್ಕೆ ದಿಕ್ಕು ತಿಳಿಯದು. ದಾರಿ ತಪ್ಪಿದವನು ಮೊದಲು ಮಾಡಬೇಕಾದ ಕೆಲಸವೇ ನಿಲ್ಲುವುದು. ಆದುದರಿಂದ ಮೂರು ಅಕ್ಷದ ದಿಕ್ಸೂಚಿಯಿರುವ ಮಾದರಿಯನ್ನು ಆರಿಸಿಕೊಳ್ಳಿರಿ.

ಮೊದಲ ಇಟ್ರೆಕ್ಸ್ ಎರಡು ಎಎ ಸೆಲ್ಲುಗಳಲ್ಲಿ ಸುಮಾರು 22 ಗಂಟೆ ನಡೆಯುತ್ತಿತ್ತು. 2023ರ ಇಟ್ರೆಕ್ಸ್ ಎಸ್‌ಇ ಅಷ್ಟೇ ಸೆಲ್ಲುಗಳಲ್ಲಿ 168 ಗಂಟೆಯವರೆಗೆ ನಡೆಯುವುದೆಂದು ತಯಾರಕರು ಹೇಳುತ್ತಾರೆ. ಪೇಟೆಯ ಅಂಗಡಿಯಲ್ಲಿ ಸಿಕ್ಕುವ ಸೆಲ್ಲನ್ನು ಹಾಕಿ ಮುಂದುವರಿಯಬಹುದಾದ ಈ ಸೌಕರ್ಯವೇ ಫೋನಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ. ಒಂದು ದಿನದ ನಡಿಗೆಗೆ, ಗುರುತಾದ ದಾರಿಗೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡ ಫೋನೂ ಒಂದು ಪವರ್ ಬ್ಯಾಂಕೂ ಸಾಕು. ಅದಕ್ಕಾಗಿ ಸಾವಿರಾರು ರೂಪಾಯಿ ವ್ಯಯಿಸಬೇಕಿಲ್ಲ. ಮಳೆಯಲ್ಲಿ, ಹಿಮದಲ್ಲಿ, ಮೂರು ನಾಲ್ಕು ದಿನಗಳ ದಾರಿಯಲ್ಲಿ ಗುಂಡಿಗಳಿರುವ ಕೈ ಜಿಪಿಎಸ್ ಮೇಲು. ಒದ್ದೆ ಬೆರಳಿಗೆ ಗಾಜಿನ ಪರದೆ ಸ್ಪಂದಿಸದಿರಬಹುದು, ಗುಂಡಿಗೆ ಆ ತೊಂದರೆಯಿಲ್ಲ. ಐಪಿಎಕ್ಸ್ 7 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವ ಪರೀಕ್ಷೆಗೆ ಅದು ಒಳಪಟ್ಟಿದೆಯೆಂದು ಅರ್ಥ.

ಕೇಳುವ ಯಂತ್ರ ಮತ್ತು ಮಾತನಾಡುವ ಯಂತ್ರ

ಹೊರದೇಶಗಳಲ್ಲಿರುವ ನನ್ನ ಬಂಧುಗಳೂ ವಿದ್ಯಾರ್ಥಿಗಳೂ ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ಸಾಮಾನ್ಯ ಜಿಪಿಎಸ್ ಉಪಕರಣವು ರೇಡಿಯೋದಂತೆ. ಕೇಳುತ್ತದೆ, ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ಆದರೆ ಈಚಿನ ಕೆಲವು ಮಾದರಿಗಳಲ್ಲಿ ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶವನ್ನೂ ಅಪಾಯದ ಕರೆಯನ್ನೂ ಕಳುಹಿಸುವ ಸೌಲಭ್ಯವಿದೆ. ಗಾರ್ಮಿನ್ನಿನ ಇನ್‌ರೀಚ್ ಅಂಥದು. ಅಮೆರಿಕದ ಬೆಟ್ಟಗಳಲ್ಲಿ ಅದು ಪ್ರಾಣರಕ್ಷಕ. ಭಾರತದಲ್ಲಿ 1933ರ ನಿಸ್ತಂತು ತಂತಿ ಕಾಯ್ದೆಯ ಕಾಲದಿಂದಲೂ ಪರವಾನಗಿಯಿಲ್ಲದೆ ಇಂಥ ಪ್ರೇಷಕ ಯಂತ್ರವನ್ನು ಇಟ್ಟುಕೊಳ್ಳುವುದು ಅಪರಾಧ. 2008ರ ಮುಂಬಯಿ ದಾಳಿಯ ಬಳಿಕ ಉಪಗ್ರಹ ಫೋನುಗಳ ಬಗೆಗಿನ ನಿಗಾ ಇನ್ನೂ ಬಿಗಿಯಾಗಿದೆ. ಇದನ್ನು ತಿಳಿಯದೆ ಚೀಲದಲ್ಲಿಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ತಡೆದು ಪ್ರಕರಣ ದಾಖಲಿಸಿದ ಉದಾಹರಣೆಗಳಿವೆ. ಪ್ರೀತಿಯಿಂದ ತಂದ ಉಡುಗೊರೆಯು ತಂದವರನ್ನೂ ಪಡೆದವರನ್ನೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸಬಾರದು. ಹೆಸರಿನಲ್ಲಿ ಇನ್‌ರೀಚ್ ಎಂಬ ಪದವಿರುವ, ಅಪಾಯದ ಕರೆಯ ಗುಂಡಿಯಿರುವ ಮಾದರಿಗಳನ್ನು ದಯವಿಟ್ಟು ತರಬೇಡಿರಿ. ಕೇಳುವ ಯಂತ್ರವನ್ನಷ್ಟೇ ತನ್ನಿರಿ.

ಇದರ ಅರ್ಥವನ್ನೂ ಯೋಚಿಸಿರಿ. ಫೋನಿನ ಸಂಪರ್ಕವಿಲ್ಲದ ನಮ್ಮ ಕಾಡಿನಲ್ಲಿ ಕೈ ಜಿಪಿಎಸ್ ಹಿಡಿದವನಿಗೆ ತಾನೆಲ್ಲಿದ್ದೇನೆಂಬುದು ತಿಳಿದಿರುತ್ತದೆ, ಬೇರಾರಿಗೂ ತಿಳಿದಿರುವುದಿಲ್ಲ. ಕಾಲು ಮುರಿದು ಬಿದ್ದರೆ ಪರದೆಯ ಮೇಲಿನ ಅಂಕಿಗಳು ಅಲ್ಲಿಯೇ ಉಳಿಯುತ್ತವೆ. ಆದುದರಿಂದ ಅರಣ್ಯ ಇಲಾಖೆಯ ಅನುಮತಿ, ಸ್ಥಳೀಯ ಮಾರ್ಗದರ್ಶಿ ಮತ್ತು ಜೊತೆಗಾರರು, ಇವು ಉಪಕರಣಕ್ಕಿಂತ ಮೊದಲು.

ಒಟ್ಟಿನಲ್ಲಿ ಹೇಳುವುದಾದರೆ, ಹಲವು ದೇಶಗಳ ಉಪಗ್ರಹಗಳನ್ನು ಆಲಿಸುವ, ನಕ್ಷೆ ತುಂಬಿಕೊಳ್ಳಲು ಬರುವ, ಡೇಟಮ್ ಬದಲಿಸಬಹುದಾದ, ದಿಕ್ಸೂಚಿಯೂ ವಾಯುಭಾರಮಾಪಕವೂ ಇರುವ, ಸೆಲ್ ಬದಲಿಸಬಹುದಾದ, ಸಂದೇಶ ಕಳುಹಿಸದ ಮಾದರಿ ನಮ್ಮವರಿಗೆ ತಕ್ಕುದು. ಎರಡು ಆವರ್ತನಗಳಿದ್ದರೆ ಇನ್ನೂ ಒಳ್ಳೆಯದು. ಬಣ್ಣ, ಕ್ಯಾಮೆರಾ, ಆಟಗಳಿಗೆ ಹಣ ತೆರಬೇಕಿಲ್ಲ. ಕೊಂಡ ಮೇಲೆ ಮೊದಲ ವಾರ ಊರಿನ ಪರಿಚಿತ ದಾರಿಗಳಲ್ಲಿ ಅದನ್ನು ಹಿಡಿದು ತಿರುಗಾಡಿ, ಹೊರಟ ಜಾಗವನ್ನು ಗುರುತಿಸಿಡುವುದನ್ನೂ ನಡೆದ ದಾರಿಯಲ್ಲೇ ಹಿಂದಿರುಗುವುದನ್ನೂ ಅಭ್ಯಾಸ ಮಾಡಿರಿ. ಬೆಟ್ಟಕ್ಕೆ ಹೊರಡುವ ದಿನ ಹೋಗುವ ದಾರಿಯನ್ನೂ ಮರಳುವ ಸಮಯವನ್ನೂ ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಹೊರಡಿರಿ.